ಹನ್ನೆರಡರಿಂದ ಹನ್ನೆರಡಕ್ಕೆ

ತಕ್ಕಡಿ ನನ್ನದು. ಇಪ್ಪತ್ತಾರು ವರ್ಷದಿಂದ
ಸೋಕೋಲ್ ವಿಮಾನ ನಿಲ್ದಾಣದ ಮೂರನೇ ಕೌಂಟರಿನಲ್ಲಿ
ಮಗದಾನ್ ಊರಿನ ಭಾರವನ್ನೆಲ್ಲ ತೂಗಿ ಕಳಿಸುತ್ತೇನೆ:
ಥರ್ಮೋಕೋಲ್ ಡಬ್ಬಿಯಲ್ಲಿ ಕೆಂಪು ಮೀನಿನ ಮೊಟ್ಟೆ,
ಸುರುಳಿ ಸುತ್ತಿದ ಹಿಮಸಾರಂಗದ ತೊಗಲು,
ಒಮ್ಮೆ ಒಂದು ಹೊಲಿಗೆ ಯಂತ್ರ, ಕಾಲಿಲ್ಲದ್ದು.

"ಎಷ್ಟು ದೂರ ಅಗ್ನಿಯಾ ಯೆಗೋರೊವ್ನಾ, ಎಷ್ಟು ಹೊತ್ತು?"
ಮೊದಲ ಸಲ ಹಾರುವವರು ಕೇಳಿಯೇ ಕೇಳುತ್ತಾರೆ.
ಹೆಚ್ಚುಕಡಿಮೆ ಆರು ಸಾವಿರ ಕಿಲೋಮೀಟರು, ಎಂಟು ತಾಸು.
ಮಾಸ್ಕೋದ ಗಡಿಯಾರವೂ ನಮ್ಮದಕ್ಕಿಂತ ಎಂಟೇ ತಾಸು ಹಿಂದೆ.
ಹನ್ನೆರಡಕ್ಕೆ ಹೊರಟರೆ ಹನ್ನೆರಡಕ್ಕೇ ಇಳಿಯುತ್ತೀರಿ.
"ಅಂದರೆ ಪುಕ್ಕಟೆ!" ಎಂದು ನಗುತ್ತಾರೆ.
ನಾನೂ ನಗುತ್ತೇನೆ. ಮೂರು ಕಿಲೋ ಹೆಚ್ಚಿದೆ, ತೆಗೆಯಿರಿ ಅನ್ನುತ್ತೇನೆ.

ಆ ಕಡೆಯದನ್ನು ನಮ್ಮೂರವರು ದೊಡ್ಡ ನೆಲ ಅನ್ನುವುದು,
ನಾವೇನೋ ದ್ವೀಪದಲ್ಲಿರುವ ಹಾಗೆ.
ಭೂಪಟದಲ್ಲಿ ನಡುವೆ ಸಮುದ್ರವಿಲ್ಲ,
ನೆಲ, ಹೆಪ್ಪುಗಟ್ಟಿದ ನದಿ, ಮತ್ತೆ ನೆಲ, ನೆಲ.
ಆದರೂ ಮಾತು ಸುಳ್ಳಲ್ಲ.

ನನ್ನ ತಂಗಿ ಗ್ಲಾಫೀರಾ ಅಲ್ಲಿದ್ದಳು.
ನಾನು ಹಾಸಿಗೆ ಹಾಸುವಾಗ ಅವಳಿಗೆ ಊಟದ ಬಿಡುವು,
ಫೋನಿನಲ್ಲಿ ನನ್ನ ಆಕಳಿಕೆಗೆ ಅವಳ ಚಮಚದ ಸದ್ದು.
"ನಾಳೆ ಏನೆಂಬುದು ಮೊದಲು ಗೊತ್ತಾಗುವುದು ನಿನಗೆ ಕಣೇ,
ಕೆಟ್ಟದ್ದಿದ್ದರೆ ಮುಂಚೆಯೇ ಹೇಳಿಬಿಡು" ಅನ್ನುತ್ತಿದ್ದಳು.

ಹೇಳಲಾಗಲಿಲ್ಲ.
ಮಾರ್ಚ್ ಆರರ ಬೆಳಿಗ್ಗೆ ಏಳಕ್ಕೆ
ಬೂಟಿನ ಹಿಮ ಕೊಡವುತ್ತಿದ್ದೆ, ಅವಳ ಗಂಡನ ಫೋನು.
ಅಲ್ಲಿ ಇನ್ನೂ ಐದು, ರಾತ್ರಿ ಹನ್ನೊಂದು.
"ಈಗಷ್ಟೇ" ಅಂದ ತಿಮೊಫೇಯ್. "ಈಗಷ್ಟೇ."
ಯಾರ ಈಗ?

ಅಂದು ನನ್ನ ತಕ್ಕಡಿಗೆ ನಾನೇ ಚೀಲವಿಟ್ಟೆ.
ಜೊತೆಗೊಂದು ಪೊಟ್ಟಣ ಕೋರ್ಯುಷ್ಕಾ,
ಗೇಣುದ್ದ ಬರದ ಬೆಳ್ಳಿ ಮೀನು,
ಹಿಮಗಡ್ಡೆ ಕೊರೆದು ಎತ್ತಿದರೆ ಎಳೆ ಸೌತೆಕಾಯಿಯ ವಾಸನೆ.
ಭಾನುವಾರ ಅವಳೇ ಕೇಳಿದ್ದು: "ಬರುವವರಿದ್ದರೆ ಕಳಿಸೇ."
ಬರುವವರು ದಿನಾ ನನ್ನೆದುರೇ ಸಾಲು ನಿಲ್ಲುತ್ತಿದ್ದರು.
ಸೋಮವಾರ ಮರೆತೆ. ಮಂಗಳವಾರ
ಯಾರದೋ ಡಬ್ಬಿ ಭಾರವೆಂದು ವಾದಕ್ಕೆ ನಿಂತಿದ್ದೆ.

ಕಿಟಕಿ ಎಡಗಡೆಯದು. ಹೊತ್ತು ಅಲ್ಲೇ ನಿಂತಿತ್ತು,
ರೆಕ್ಕೆಯ ತುದಿಗೆ ಮೊಳೆ ಹೊಡೆದ ಹಾಗೆ.
ಲೇನಾ ಹೋಯಿತು, ಯೆನಿಸೇಯ್ ಹೋಯಿತು, ಬಿಳಿ ನರಗಳು,
ಹೊತ್ತು ಹೋಗಲಿಲ್ಲ.
ಎರಡು ಸಲ ಊಟ ಕೊಟ್ಟರು, ಎರಡೂ ಮಧ್ಯಾಹ್ನದ್ದು.
ಪಕ್ಕದಲ್ಲಿ ಚಿನ್ನದ ಗಣಿಯ ಹುಡುಗ,
ಬಾಯಿ ತೆರೆದು ಮಲಗಿದವನ ಗಲ್ಲದಲ್ಲಿ ಗಡ್ಡ ಮೊಳೆಯಿತು.
ನನ್ನ ಕಾಲು ಊದಿದವು. ಗಡಿಯಾರಕ್ಕೆ ತಿಳಿಯದ್ದು
ಕಾಲಿಗೆ ತಿಳಿಯುತ್ತದೆ.

ಹನ್ನೆರಡಕ್ಕೆ ಇಳಿದೆ.
"ಎಷ್ಟು ಬೇಗ ಬಂದೆ" ಅಂದ ತಿಮೊಫೇಯ್, ಕೈಗಡಿಯಾರ ನೋಡುತ್ತ.
ಬೆರಳು ಮಡಿಸಿ ಎಣಿಸಿದೆ:
ಅವಳು ಹೋಗಿ ಅವನಿಗೆ ಹದಿಮೂರು ತಾಸು,
ನನಗೂ ಹದಿಮೂರೇ.
ಅದೊಂದರಲ್ಲಿ ಹಿಂದೆ ಮುಂದೆ ಇರಲಿಲ್ಲ.

ಮೀನು ಕರಗಿತ್ತು. ಹುರಿಯಲು ಪೊಟ್ಟಣ ಬಿಚ್ಚಿದಾಗ
ನೆರೆಮನೆಯ ಮಗು ಅಡುಗೆಮನೆಗೆ ಓಡಿ ಬಂತು:
"ಸೌತೆಕಾಯಿ ಯಾರು ಹೆಚ್ಚುತ್ತಿದ್ದಾರೆ?"
ಯಾರೂ ಉತ್ತರ ಕೊಡಲಿಲ್ಲ. ಎಣ್ಣೆ ಸಿಡಿಯಿತು.

ಮರಳುವಾಗ ಕೊಟ್ಟದ್ದನ್ನು ಬಡ್ಡಿ ಸಮೇತ ಕಿತ್ತುಕೊಂಡರು.
ರಾತ್ರಿ ಎಂಟಕ್ಕೆ ಹತ್ತಿದವಳು ಮರುದಿನ
ನಡುಮಧ್ಯಾಹ್ನ ಸೋಕೋಲಿನ ಹಿಮದಲ್ಲಿ ಇಳಿದೆ.
ಒಂದು ನಿದ್ದೆಯ ರಾತ್ರಿ ಎಲ್ಲೋ ಉದುರಿಹೋಗಿತ್ತು,
ಹುಡುಕಲು ಯಾರಿಗೆ ದೂರು ಕೊಡಲಿ,
ದೂರಿನ ಕೌಂಟರೂ ನನ್ನದೇ.

ಅವಳ ಮರಣಪತ್ರದಲ್ಲಿ ಐದು. ನನ್ನ ಗೋಡೆಯಲ್ಲಿ ಆರು.
ಐದರ ರಾತ್ರಿ ಮೇಣದ ಬತ್ತಿ ಹಚ್ಚಿದರೆ
ಅವಳಿನ್ನೂ ಉಸಿರಾಡುತ್ತಿರುತ್ತಾಳೆ.
ಕಾಯುತ್ತೇನೆ, ಕಡ್ಡಿಪೆಟ್ಟಿಗೆ ಹಿಡಿದು,
ಬೆಳಗಿನ ಏಳರವರೆಗೆ.

ಈಗಲೂ ಕೇಳುತ್ತಾರೆ, ಎಷ್ಟು ಹೊತ್ತು.
ಎಂಟು ತಾಸು ಅನ್ನುತ್ತೇನೆ, ಅಷ್ಟೇ. ಉಳಿದದ್ದು ಹೇಳುವುದಿಲ್ಲ.
ಮುಳ್ಳು ಗೆರೆ ದಾಟಿದರೆ ಡಬ್ಬಿಯತ್ತ ಬಾಗಿ
ಮೂಸುತ್ತೇನೆ, ಮೆಲ್ಲಗೆ.
ಮೀನೇ?
ಹಾಗಾದರೆ ಹೋಗಿ. ಇವತ್ತೇ ತಲುಪಿಸಿ.